ಎಂಟು ದಿನ ಹೂಡಿ ನೋಡಿದ ಆಂಪ್ಲಿಫೈಯರ್

ಸಾಮಾನು ಕೊಳ್ಳುವ ವಿಷಯದಲ್ಲಿ ಒಂದೊಂದು ಮನೆಗೆ ಒಂದೊಂದು ಪದ್ಧತಿ ಇರುತ್ತದೆ. ಕೆಲವರು ಅಂಗಡಿಗೆ ಹೋಗುತ್ತಾರೆ, ಇದು ಕೊಡಿ ಅನ್ನುತ್ತಾರೆ, ತಂದುಬಿಡುತ್ತಾರೆ. ಅಂಥವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇನ್ನು ಕೆಲವರು ಪಕ್ಕದ ಮನೆಯವರು ಏನು ತಂದರೆಂದು ನೋಡಿ ಅದಕ್ಕಿಂತ ಒಂದು ಗೇಣು ದೊಡ್ಡದನ್ನು ತರುತ್ತಾರೆ. ನಮ್ಮ ಮನೆಯಲ್ಲಿ ಮಾತ್ರ ಯಾವ ವಸ್ತುವೂ ಅಂಗಡಿಯಿಂದ ನೇರವಾಗಿ ಬಂದು ತನ್ನ ಜಾಗದಲ್ಲಿ ಕೂತದ್ದಿಲ್ಲ. ಅದನ್ನು ಮೊದಲು ಎಂಟು ದಿನ ಹೂಡಿ ನೋಡಬೇಕು. ಇದು ನಮ್ಮಪ್ಪನ ಕಾನೂನು. ಅಪ್ಪ ತೊಗರ್ಸಿ ಕಡೆಯ ಬೇಸಾಯಗಾರ, ಎತ್ತು ನೋಡುವುದರಲ್ಲಿ ಹೆಸರುವಾಸಿ. ಸುತ್ತಲ ಹಳ್ಳಿಯವರು ದನದ ಸಂತೆಗೆ ಹೋಗುವಾಗ ಅಪ್ಪನನ್ನು ಕರೆದುಕೊಂಡು ಹೋಗುತ್ತಿದ್ದರು. ಅಪ್ಪ ಹಲ್ಲು ನೋಡಿ, ಗೊರಸು ನೋಡಿ, ಮೈಮೇಲಿನ ಸುಳಿ ನೋಡಿ, ಎಲ್ಲ ಸರಿ ಇದ್ದರೂ "ಎಂಟು ದಿನ ಮನೀಗೆ ಹೊಡ್ಕೊಂಡು ಹೋಗಿ ಹೂಡಿ ನೋಡ್ರಿ, ಆಮ್ಯಾಗೆ ಮಾತು" ಅನ್ನುತ್ತಿದ್ದ. ಈಗ ನಾವು ಶಿಕಾರಿಪುರದಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟುಕೊಂಡು ಹದಿನೈದು ವರ್ಷವಾಯಿತು. ಕೊಟ್ಟಿಗೆಯಲ್ಲಿ ಎತ್ತಿಲ್ಲ, ಕೊಟ್ಟಿಗೆಯೇ ಇಲ್ಲ. ಆದರೆ ಅಪ್ಪನ ಕಾನೂನಿಗೆ ತಿದ್ದುಪಡಿ ಬಂದಿಲ್ಲ. ನಮ್ಮ ಮನೆಯ ಮಿಕ್ಸಿ ಎಂಟು ದಿನ ಪರೀಕ್ಷೆಗೆ ಕೂತಿತ್ತು. ಆ ಎಂಟು ದಿನ ನಾವು ಮೂರು ಹೊತ್ತೂ ಚಟ್ನಿ ತಿಂದೆವು. ಹೊಸ ಚಪ್ಪಲಿಯನ್ನು ಕಾಲು ತೊಳೆದುಕೊಂಡು ಮನೆಯೊಳಗೇ ಎಂಟು ದಿನ ಹಾಕಿಕೊಂಡು ಓಡಾಡಬೇಕು, ಅಂಗಡಿಯವನಿಗೆ ವಾಪಸ್ ಕೊಡುವಾಗ ಮಣ್ಣಾಗಿರಬಾರದಲ್ಲ! ಊರಿನ ವ್ಯಾಪಾರಸ್ಥರೆಲ್ಲ ಅಪ್ಪನನ್ನು ಬಲ್ಲವರಾದ್ದರಿಂದ ಇದೆಲ್ಲ ನಡೆದುಕೊಂಡು ಬಂದಿದೆ.

ಈಗ ನನ್ನ ವಿಷಯಕ್ಕೆ ಬರುತ್ತೇನೆ. ನಾನು ಗಿಟಾರ್ ನುಡಿಸುತ್ತೇನೆ. ಈ ವಾಕ್ಯ ಬರೆದು ಸುತ್ತ ನೋಡಿದೆ, ಹೆಂಡತಿ ಹತ್ತಿರದಲ್ಲಿಲ್ಲ ಎಂದು ಖಾತ್ರಿಯಾದ ಮೇಲೆ ಹಾಗೇ ಬಿಟ್ಟೆ. ಶಿವಮೊಗ್ಗದಲ್ಲಿ ಕಾಲೇಜು ಓದುವಾಗ ನಾವು ಕೆಲವರು ಸೇರಿ ಒಂದು ಆರ್ಕೆಸ್ಟ್ರಾ ಕಟ್ಟಿದ್ದೆವು. ಅದರಲ್ಲಿ ಮೂರು ಜನ ಗಿಟಾರಿನವರು, ನಾನು ಮೂರನೆಯವನು. ಮೊದಲಿಬ್ಬರ ವೈರು ಆಂಪ್ಲಿಫೈಯರಿಗೆ ಹೋಗುತ್ತಿತ್ತು. ನನ್ನ ವೈರು ಪರದೆಯ ಹಿಂದಕ್ಕೆ ಹೋಗುತ್ತಿತ್ತು, ಅಲ್ಲಿಂದ ಮುಂದೆ ಎಲ್ಲಿಗೂ ಹೋಗುತ್ತಿರಲಿಲ್ಲ. ಇದು ನನಗೆ ಗೊತ್ತಾದದ್ದು ಎರಡನೆಯ ವರ್ಷದಲ್ಲಿ. ಅದುವರೆಗೆ ನಾನು ವೇದಿಕೆಯ ಮೇಲೆ ಕಣ್ಣು ಮುಚ್ಚಿಕೊಂಡು, ತಲೆ ಕೊಡವಿಕೊಂಡು ನುಡಿಸಿದ್ದೇ ನುಡಿಸಿದ್ದು. ಆರ್ಕೆಸ್ಟ್ರಾ ಮುರಿದು ಬಿದ್ದಾಗ ಗಿಟಾರು ನನ್ನಲ್ಲೇ ಉಳಿಯಿತು. ಮುಂದೆ ಸೊರಬ ತಾಲ್ಲೂಕಿನ ಹೊಸಬಾಳೆಗೆ ಹೆಣ್ಣು ನೋಡಲು ಹೋದಾಗ, ಹುಡುಗನಿಗೆ ಏನಾದರೂ ಹವ್ಯಾಸ ಉಂಟೋ ಎಂದು ಅವರು ಕೇಳಿದರು. ನಮ್ಮ ಚಿಕ್ಕಪ್ಪ ಎದೆಯುಬ್ಬಿಸಿ "ನಮ್ ಹುಡ್ಗ ಕರೆಂಟಿನ ಗಿಟಾರ್ ಬಾರಿಸ್ತಾನ್ರೀ" ಅಂದುಬಿಟ್ಟ. ಬಾಗಿಲ ಮರೆಯಲ್ಲಿ ಬಳೆ ಸದ್ದಾಯಿತು. ಅನ್ನಪೂರ್ಣ ನನ್ನನ್ನು ಒಪ್ಪಿಕೊಂಡದ್ದು ಆ ಒಂದು ಮಾತಿಗೆ ಎಂದು ಅವಳೇ ಆಮೇಲೆ ಹೇಳಿದ್ದಾಳೆ. ಅವಳು ಚೆನ್ನಾಗಿ ಹಾಡುತ್ತಾಳೆ. ಹಾಡುವವಳಿಗೆ ನುಡಿಸುವವನು ಸಿಕ್ಕ ಎಂದು ಹಿಗ್ಗಿದ್ದಳಂತೆ, ಪಾಪ.

ಮದುವೆಯಾದ ಹೊಸತರಲ್ಲಿ "ಏನಾದ್ರೂ ನುಡಿಸಿ" ಎಂದು ಕೇಳಿದಳು. ಎಲೆಕ್ಟ್ರಿಕ್ ಗಿಟಾರಿನ ಹೊಟ್ಟೆ ಪೊಳ್ಳಲ್ಲ, ಗಟ್ಟಿ ಹಲಗೆ. ಆಂಪ್ಲಿಫೈಯರಿಗೆ ಜೋಡಿಸದೆ ಮೀಟಿದರೆ ಬಾಚಣಿಗೆಯ ಹಲ್ಲಿಗೆ ಉಗುರು ತಾಗಿಸಿದಷ್ಟೇ ಸದ್ದು. ಇದು ನನಗೆ ಎಂಥ ಅನುಕೂಲವಾಯಿತೆಂದರೆ, "ಆಂಪ್ಲಿಫೈಯರ್ ಇಲ್ಲದೆ ಇದನ್ನು ನುಡಿಸೋಕೆ ಬರಲ್ಲ" ಎಂದು ಹೇಳಿದೆ, ಹೇಳುತ್ತಾ ಹನ್ನೊಂದು ವರ್ಷ ಕಳೆದೆ. ನಡುವೆ ಒಮ್ಮೆ ಹುರುಪಿಗೆ ಬಿದ್ದು ಅಪ್ಪನ ಟೂ-ಇನ್-ವನ್‌ನ ಮೈಕಿನ ತೂತಿಗೆ ಗಿಟಾರಿನ ವೈರು ಸಿಕ್ಕಿಸಿದ್ದುಂಟು. ಒಂದೇ ಒಂದು ತಂತಿ ಮೀಟಿದೆ. ಸ್ಪೀಕರಿನ ಕಾಗದ ಹರಿದು, ಅಂದಿನಿಂದ ರೇಡಿಯೋದಲ್ಲಿ ಪ್ರದೇಶ ಸಮಾಚಾರ ಓದುವವರಿಗೆಲ್ಲ ನೆಗಡಿಯಾಯಿತು.

ಈ ಸುಖದ ಬದುಕು ಹೋದ ದೀಪಾವಳಿಯ ಮುಂಚೆ, ಮನೆ ಗುಡಿಸಿ ಸಾರಿಸುವ ದಿನ ಮುಗಿಯಿತು. ಅನ್ನಪೂರ್ಣ ಗಿಟಾರಿನ ಧೂಳು ಹೊಡೆಯುತ್ತಾ ನಿಂತವಳು, "ವರ್ಷಾ ವರ್ಷಾ ಇದರ ಮೈ ಒರೆಸಿ ಒರೆಸಿ ನನಗೆ ಸಾಕಾಯ್ತು ಮಾರಾಯ್ರೇ. ಒಂದೋ ಇದಕ್ಕೊಂದು ದನಿ ಕೊಡ್ಸಿ, ಇಲ್ಲಾ ಅಟ್ಟಕ್ಕೆ ಹೋಗ್ಲಿ" ಅಂದಳು. ಪಕ್ಕದಲ್ಲಿ ಅಡಿಕೆ ಕತ್ತರಿಸುತ್ತಿದ್ದ ಅಪ್ಪ ಕತ್ತರಿ ನಿಲ್ಲಿಸಿ ತೀರ್ಪು ಕೊಟ್ಟ. "ಮೂರು ಡಬ್ಬಿ ನೋಡೋಣು. ಒಂದೊಂದು ಎಂಟು ದಿನ ಹೂಡೋಣು. ಮೂರ್ರಾಗೂ ಆಗ್ಲಿಲ್ಲ ಅಂದ್ರ ಅಟ್ಟ." ನಮ್ಮ ಅಟ್ಟದ ಬಗ್ಗೆ ನಿಮಗೆ ಹೇಳಬೇಕು. ಅಲ್ಲಿಗೆ ಹತ್ತಿದ ಯಾವ ಸಾಮಾನೂ ಇಳಿದು ಬಂದದ್ದಿಲ್ಲ. ಲಾಟೀನು ಹೋಯಿತು, ಬೀಸುಕಲ್ಲಿನ ಗೂಟ ಹೋಯಿತು, ನಾನು ಕವಿತೆ ಬರೆದಿದ್ದ ನೋಟುಬುಕ್ಕು ಹೋಯಿತು. ನನಗೆ ನಿಜವಾಗಿ ಭಯವಾಯಿತು. ಯೂರಿಯಾ ಚೀಲಗಳ ನಡುವೆ ದಿನವಿಡೀ ಕೂರುವ ನಾನು ಒಂದು ಕಾಲದಲ್ಲಿ ಬೇರೇನೋ ಆಗಿದ್ದೆ ಎನ್ನುವುದಕ್ಕೆ ಗೋಡೆಯ ಮೇಲಿನ ಆ ಗಿಟಾರೊಂದೇ ಸಾಕ್ಷಿ. ನುಡಿಸಲಿ ಬಿಡಲಿ, ಅದು ಕಣ್ಣೆದುರು ಇರಬೇಕು ನನಗೆ.

ಆಂಪ್ಲಿಫೈಯರ್ ಎಂದೊಡನೆ ನಮ್ಮ ಮನೆಯಲ್ಲಿ ನೆನಪಾಗುವುದು ಭಾವಮೈದ ಚಂದ್ರು. ಅನ್ನಪೂರ್ಣಳ ತಮ್ಮ, ಸೊರಬದಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಾನೆ. ಮದುವೆ, ನಾಮಕರಣ, ನಾಟಕ, ಚುನಾವಣೆ, ಯಾವುದಕ್ಕೂ ಅವನ ಹಾರ್ನುಗಳೇ. ಎಸ್‌ಟಿಡಿ ಬೂತಿಗೆ ಹೋಗಿ ಅವನಿಗೆ ಫೋನು ಮಾಡಿ, ಮನೆಯಲ್ಲಿ ಅಭ್ಯಾಸ ಮಾಡಲು ಒಂದು ಸಣ್ಣ ಆಂಪ್ಲಿಫೈಯರ್ ಬೇಕು, ಕೋಣೆಯೊಳಗೆ ಕೇಳಿಸಿದರೆ ಸಾಕು, ಹೊರಗೆ ಕೇಳಿಸಬಾರದು ಎಂದು ವಿವರಿಸಿದೆ. "ಭಾವ, ನಾನು ಈ ಲೈನಿಗೆ ಬಂದು ಒಂಬತ್ತು ವರ್ಷ ಆಯ್ತು" ಎಂದ ಚಂದ್ರು. ಅವನ ದನಿಯಲ್ಲಿ ನೋವಿತ್ತು. "ಎಲ್ಲರೂ ನಾಲ್ಕು ಊರಿಗೆ ಕೇಳ್ಬೇಕು ಅಂತಾರೆ. ಕೇಳ್ಬಾರ್ದು ಅಂತ ಆಂಪ್ಲಿಫೈಯರ್ ಕೇಳಿದ ಗಿರಾಕಿ ನೀವೇ ಮೊದಲು. ಕೇಳ್ಬಾರ್ದು ಅಂದ್ರೆ ಎಂತಕ್ಕೆ ನುಡಿಸ್ತೀರಿ?" ಮೀಟರು ಓಡುತ್ತಿದೆ ಎಂದು ಹೇಳಿ ಫೋನು ಇಟ್ಟೆ.

ಆದರೂ ಅಕ್ಕನ ಮನೆ ನೋಡಿ, ಮರುದಿನವೇ ಬಸ್ಸಿನ ಮೇಲೆ ಹೇರಿಸಿಕೊಂಡು ಒಂದನ್ನು ತಂದ. ಅವನ ಲೆಕ್ಕದಲ್ಲಿ ಅದು ಸಣ್ಣದು. ಇಬ್ಬರು ಹಿಡಿದು ಒಳಗೆ ತಂದೆವು. ಅಪ್ಪ ಅದರ ಸುತ್ತ ಒಂದು ಸುತ್ತು ಬಂದು, ಬೆನ್ನು ತಟ್ಟಿ, ಬಗ್ಗಿ ಹಿಂಭಾಗದಲ್ಲಿದ್ದ ತೂತುಗಳನ್ನು ಎಣಿಸಿದ. ಸುಳಿ ಹುಡುಕುತ್ತಿದ್ದನೆಂದು ನನಗೆ ಅನುಮಾನ. ಸ್ವಿಚ್ ಹಾಕಿ, ದನಿಯ ಗುಂಡಿಯನ್ನು ಒಂದಕ್ಕೆ ಇಟ್ಟೆ. ಒಂದಕ್ಕಿಂತ ಕಡಿಮೆ ಅದರಲ್ಲಿರಲಿಲ್ಲ. ಗಿಟಾರನ್ನು ಇನ್ನೂ ಮುಟ್ಟಿಲ್ಲ, ಅದು ಕೀ ಎಂದು ಕಿರುಚಿಕೊಂಡಿತು. ಬೀದಿಯ ಬಾಗಿಲುಗಳು ತೆರೆದವು. ಎದುರುಮನೆಯ ಪಾರ್ವತಮ್ಮ ಎರಡು ಕೊಡ ಹಿಡಿದುಕೊಂಡು ಓಡಿಬಂದು "ಎಷ್ಟ್ ಗಂಟಿಗೆ ನೀರ್ ಬಿಡ್ತಾರಂತ್ರೀ?" ಎಂದು ಕೇಳಿದರು. ನಮ್ಮೂರಿನಲ್ಲಿ ಮೈಕು ಕಿರುಚಿತೆಂದರೆ ಅದರ ಹಿಂದೆ ಏನೋ ಒಂದು ಪ್ರಕಟಣೆ ಇದ್ದೇ ಇರುತ್ತದೆ. ಪ್ರಕಟಣೆ ಇಲ್ಲ, ಗಿಟಾರು ಎಂದು ಹೇಳಿ ಅವರನ್ನು ಒಪ್ಪಿಸಲು ಸಾಕುಸಾಕಾಯಿತು. ಮೂರನೆಯ ದಿನದ ಹೊತ್ತಿಗೆ ಅಕ್ಕಪಕ್ಕದವರು ನಮ್ಮ ಮನೆಯ ಮುಂದೆ ಸಾಲಾಗಿ ಕೊಡ ಇಡತೊಡಗಿದರು. ಎಂಟು ದಿನ ತುಂಬುತ್ತಲೇ ಅಪ್ಪ "ಇದು ಹಾಯೋ ಎತ್ತು. ಹೊಡ್ಕೊಂಡು ಹೋಗಪಾ" ಎಂದು ಚಂದ್ರುವಿಗೆ ಹೇಳಿ ಕಳಿಸಿದ.

ಎರಡನೆಯದನ್ನು ನಾನೇ ಹುಡುಕಿದೆ. ನಮ್ಮೂರಿನ ರೇಡಿಯೋ ರಿಪೇರಿಯವರೊಬ್ಬರು, ಹೆಸರು ಬೇಡ, ಒಳ್ಳೆಯ ಮನುಷ್ಯ, ಹಳೆಯ ಸಾಮಾನುಗಳನ್ನೆಲ್ಲ ಕೂಡಿಸಿ ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ಆಂಪ್ಲಿಫೈಯರ್ ಮಾಡಿಕೊಟ್ಟರು. ಇದು ಸೌಮ್ಯ ಸ್ವಭಾವದ್ದು. ಗಿಟಾರು ಮೀಟಿದರೆ ಗಿಟಾರಿನಂತೆಯೇ ಕೇಳುತ್ತಿತ್ತು, ಕೋಣೆಯ ಹೊರಗೆ ಹೋಗುತ್ತಿರಲಿಲ್ಲ. ನಾನು ಕುಣಿದಾಡಿದೆ. ಆದರೆ ಹತ್ತು ನಿಮಿಷವಾಗುತ್ತಲೇ ಡಬ್ಬಿ ಬಿಸಿಯಾಗಿ ದನಿ ಕುಗ್ಗುತ್ತಾ ಕುಗ್ಗುತ್ತಾ ನಿಂತೇಹೋಗುತ್ತಿತ್ತು. ಅರ್ಧ ಗಂಟೆ ಫ್ಯಾನಿನ ಕೆಳಗೆ ಮಲಗಿಸಿದರೆ ಮತ್ತೆ ಹತ್ತು ನಿಮಿಷ. ನನಗೆ ಇದು ಹೇಳಿ ಮಾಡಿಸಿದ ಹಾಗಿತ್ತು, ಯಾಕೆಂದರೆ ನನ್ನ ಅಭ್ಯಾಸವೂ ಹತ್ತು ನಿಮಿಷಕ್ಕೇ ದಣಿಯುವಂಥದ್ದು. ಎಂಟು ದಿನ ಇಬ್ಬರೂ ಪರಸ್ಪರ ಹೊಂದಿಕೊಂಡು ಸುಖವಾಗಿದ್ದೆವು. ಅನ್ನಪೂರ್ಣ ಮಾತ್ರ ಡಬ್ಬಿಯ ಮೇಲೆ ಹಪ್ಪಳ ಒಣಗಿಸಬಹುದೇ ಎಂದು ಕೇಳಿದಳು. "ಇದು ಸಾಲಿನ ನಡುವೆ ಮಲಗೋ ಎತ್ತು" ಎಂದು ಅಪ್ಪ ಅದನ್ನೂ ಕಳಿಸಿದ. ಉಳಿದದ್ದು ಒಂದೇ. ಅಟ್ಟದ ಏಣಿಯನ್ನು ಅನ್ನಪೂರ್ಣ ಒರೆಸಿ ಗೋಡೆಗೆ ಒರಗಿಸಿದ್ದನ್ನು ಕಂಡೆ.

ಮೂರನೆಯದನ್ನು ತರಲು ಚಂದ್ರು ದಾವಣಗೆರೆಗೆ ಹೋಗಿದ್ದ. ಅಲ್ಲಿ ಆರ್ಕೆಸ್ಟ್ರಾದವರೊಬ್ಬರು ಬೆಂಗಳೂರಿನಿಂದ ತರಿಸಿಕೊಂಡು ಈಗ ಮಾರಲು ಹೊರಟಿದ್ದ ವಿದೇಶಿ ಡಬ್ಬಿ. ಬೆಲ್ಲದ ಪೆಂಟೆಗಿಂತ ತುಸು ದೊಡ್ಡದು. ಮಾಡೆಲಿಂಗ್ ಆಂಪ್ಲಿಫೈಯರ್ ಎಂಬುದು ಅದರ ಜಾತಿ. ಅಂದರೆ, ಲೋಕದಲ್ಲಿ ಹೆಸರಾದ ದೊಡ್ಡ ದೊಡ್ಡ ಆಂಪ್ಲಿಫೈಯರುಗಳು ಹೇಗೆ ದನಿ ಮಾಡುತ್ತವೋ ಅದನ್ನೆಲ್ಲ ಈ ಪುಟ್ಟ ಡಬ್ಬಿ ಅನುಕರಿಸುತ್ತದೆ. ಒಂದು ಗುಂಡಿ ತಿರುಗಿಸಿದರೆ ಹಳೆಯ ಕಾಲದ ವಾಲ್ವು ಪೆಟ್ಟಿಗೆಯ ದನಿ, ಇನ್ನೊಂದು ಕಡೆ ತಿರುಗಿಸಿದರೆ ಹರಿದ ದನಿ, ಮತ್ತೊಂದು ಕಡೆ ದೊಡ್ಡ ಸಭಾಂಗಣದ ದನಿ, ಒಟ್ಟು ಹನ್ನೆರಡು. ಎಲ್ಲವನ್ನೂ ಪಿಸುಮಾತಿನಷ್ಟು ಮೆಲ್ಲಗೆ ಕೇಳಬಹುದು. ಚಂದ್ರು ಮೊದಲು ಅದಕ್ಕೆ ತನ್ನ ಮೈಕು ಸಿಕ್ಕಿಸಿ ತನ್ನ ಪದ್ಧತಿಯಂತೆ "ಹಲೋ, ಹಲೋ, ಮೈಕ್ ಟೆಸ್ಟಿಂಗ್, ಒಂದು, ಎರಡು, ಮೂರು" ಅಂದ. ಗುಂಡಿ ಸಭಾಂಗಣದಲ್ಲಿತ್ತು. ತನ್ನ ದನಿ ದೊಡ್ಡ ಸಭೆಯಲ್ಲಿ ಮೊಳಗಿದಂತೆ ಕೇಳಿ ಅವನ ಕಣ್ಣು ಅರಳಿತು. "ಮಹಾಜನಗಳೇ" ಅಂದ. ಆಮೇಲೆ "ತಾಯಂದಿರೇ" ಅಂದ. ಕಾಫಿ ಆರುತ್ತಿದೆ ಎಂದು ಅಕ್ಕ ಗದರಿಸಿದ ಮೇಲೆ ಮೈಕು ಕೆಳಗಿಟ್ಟ.

ಅಪ್ಪ ಆ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದ. ಹನ್ನೆರಡು ದನಿಯನ್ನೂ ಒಂದೊಂದಾಗಿ ಕೇಳಿದ. ಕೊನೆಗೆ ನನ್ನ ಕಡೆ ತಿರುಗಿ, "ಎಲ್ಲಾ ಚಲೋ ಐತಿ ಮಾದೇವ. ಇದರಾಗೆ ಇದರ ಸ್ವಂತ ದನಿ ಯಾವುದು?" ಎಂದು ಕೇಳಿದ. ನಾನೂ ಚಂದ್ರುವೂ ಡಬ್ಬಿಯ ಜೊತೆಗೆ ಬಂದ ಪುಸ್ತಕದಲ್ಲಿ ಹುಡುಕಿದೆವು. ಅದರಲ್ಲಿ ಈ ಪ್ರಶ್ನೆ ಇರಲಿಲ್ಲ. ಅಂದು ಅಂಗಡಿಯಲ್ಲಿ ಕೂತಾಗಲೂ ಆ ಮಾತು ನನ್ನ ತಲೆಯಿಂದ ಹೋಗಲಿಲ್ಲ. ಬೀಜದ ಕಂಪನಿಯವನು ಬಂದ, ಅವನ ಜೊತೆ "ಸರ್, ಸರ್" ಎಂದು ಒಂದು ದನಿಯಲ್ಲಿ ಮಾತಾಡಿದೆ. ಮೊಳಕೆ ಬರಲಿಲ್ಲ ಎಂದು ಜಗಳಕ್ಕೆ ಬಂದ ರೈತನ ಜೊತೆ "ಹೌದಣ್ಣ, ಕೂತ್ಕೋ, ನೀರ್ ಕುಡಿ" ಎಂದು ಇನ್ನೊಂದು ದನಿ. ಅಪ್ಪ ಬಂದಾಗ ಮತ್ತೊಂದು. ಸಂಜೆ ಮನೆಗೆ ಹೋಗುವಾಗ ತರಕಾರಿ ಮರೆತದ್ದು ನೆನಪಾಗಿ ಹೆಂಡತಿಗೆಂದು ಬೇರೆಯೇ ಒಂದು ದನಿಯನ್ನು ದಾರಿಯುದ್ದಕ್ಕೂ ಹದ ಮಾಡಿಕೊಂಡೆ. ಎಣಿಸಿದರೆ ನನ್ನಲ್ಲೂ ಹನ್ನೆರಡಕ್ಕೆ ಕಡಿಮೆ ಇರಲಿಕ್ಕಿಲ್ಲ. ಆ ಡಬ್ಬಿಯ ಮೇಲೆ ನನಗೆ ಪ್ರೀತಿ ಹುಟ್ಟಿಬಿಟ್ಟಿತು.

ಪ್ರೀತಿ ಎಷ್ಟಾಯಿತೆಂದರೆ, ಏಳು ದಿನ ನಾನು ಗುಂಡಿ ತಿರುಗಿಸಿದ್ದೇ ಬಂತು. ಸಂಜೆ ಆರಕ್ಕೆ ಕೂತರೆ ವಾಲ್ವಿನ ದನಿಯಲ್ಲಿ ಎರಡು ತಂತಿ ಮೀಟುವುದು, ಆಹಾ ಅನ್ನುವುದು, ಸಭಾಂಗಣಕ್ಕೆ ಹೋಗುವುದು, ಅಲ್ಲೂ ಎರಡು ತಂತಿ, ಅಲ್ಲೂ ಆಹಾ. ಒಂದು ಹಾಡನ್ನೂ ಪೂರ್ತಿ ನುಡಿಸಲಿಲ್ಲ. ಅನ್ನಪೂರ್ಣ ಬಾಗಿಲಲ್ಲಿ ನಿಂತು, "ದಿನಾ ಬರೀ ಉಪ್ಪು ಖಾರ ನೋಡ್ತಾ ಇದೀರಲ್ಲ, ಊಟ ಯಾವಾಗ?" ಎಂದು ಕೇಳಿದಳು. ನಾಳೆ ಎಂಟನೆಯ ದಿನ ಎಂದು ನೆನಪಿಸಿದಳು. ಏಣಿ ಅಲ್ಲೇ ಇತ್ತು.

ಎಂಟನೆಯ ದಿನ ಭಾನುವಾರ. ಸಂಜೆ ಅಪ್ಪ ಗೋಡೆಗೆ ಒರಗಿ, ಎಲೆಯಡಿಕೆ ತಟ್ಟೆ ಮುಂದಿಟ್ಟುಕೊಂಡು ಕೂತ. ಅಂತಿಮ ವಿಚಾರಣೆಗೆ ಚಂದ್ರುವೂ ಸೊರಬದಿಂದ ಬಂದಿದ್ದ. ನಾನು ಆರ್ಕೆಸ್ಟ್ರಾ ಕಾಲದ ಒಂದು ತುಣುಕನ್ನು ಅತ್ಯಂತ ವೈಭವದ ದನಿಯಲ್ಲಿ ನುಡಿಸಿ ಮುಗಿಸಿದೆ. ಮುಗಿಸಿದೆ ಅಂದರೆ, ಬರುವಷ್ಟು ನುಡಿಸಿದೆ. ಅಪ್ಪ ತಲೆಯಾಡಿಸಲಿಲ್ಲ. "ಒಂಟಿ ಎತ್ತು ಹೂಡಿ ಯಾರಾದ್ರೂ ತೀರ್ಮಾನ ಮಾಡ್ತಾರೇನೋ? ಜೋಡಿ ಕಟ್ಟಿದಾಗಲೇ ಅದರ ಬಂಡವಾಳ ಗೊತ್ತಾಗೋದು" ಎಂದವನು ಒಳಗೆ ತಿರುಗಿ, "ಅನ್ನಪೂರ್ಣವ್ವಾ, ಬಾ ಇಲ್ಲಿ. ಒಂದು ಹಾಡು ಹೇಳು. ಇವನು ಜೊತೀಗೆ ಬಾರಿಸ್ಲಿ" ಅಂದ.

ನಾನು ಬಿಗಿಯಾಗಿದ್ದ ತಂತಿಯನ್ನೇ ಮತ್ತೆ ಬಿಗಿಸತೊಡಗಿದೆ. ಅನ್ನಪೂರ್ಣ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ ಬಂದು, "ನಂಗೆ ಈಗ ಎಂತದೂ ನೆನಪಿಲ್ಲ ಮಾವ" ಎಂದು ಒಂದು ಸಲ ಹೇಳಿ, ಎರಡನೆಯ ಸಲ ಹೇಳಿಸಿಕೊಳ್ಳದೆ ಚಾಪೆಯ ಮೇಲೆ ಕೂತಳು. ಹೊಸಬಾಳೆಯಲ್ಲಿ ಅವಳಮ್ಮ ಹೇಳಿಕೊಡುತ್ತಿದ್ದ ಮದುಮಕ್ಕಳನ್ನು ಹಸೆಗೆ ಕರೆಯುವ ಒಂದು ಹಾಡನ್ನು ಎತ್ತಿಕೊಂಡಳು. ಗುಂಡಿಯನ್ನು ಎಲ್ಲಿಡಬೇಕೆಂದು ನನಗೆ ತಿಳಿಯಲಿಲ್ಲ. ಅವಳ ದನಿಗೆ ಸಭಾಂಗಣ ಬೇಕಿರಲಿಲ್ಲ, ವಾಲ್ವೂ ಬೇಕಿರಲಿಲ್ಲ. ಎಲ್ಲ ವೇಷ ಕಳಚಿ, ಗುಂಡಿಯನ್ನು ಮೊದಲನೆಯ ಗುರುತಿಗೆ ತಂದು, ಬರಿಯ ತಂತಿಯ ದನಿಯಲ್ಲಿ ಜೊತೆ ಹಿಡಿಯಲು ಹೊರಟೆ. ಮೊದಲ ಸಾಲಿನಲ್ಲಿ ನಾನು ಮುಂದೆ ಓಡಿದೆ. ಎರಡನೆಯದರಲ್ಲಿ ಹಿಂದೆ ಬಿದ್ದೆ. ಮೂರನೆಯದರಲ್ಲಿ ಬೇರೆ ದಾರಿ ಹಿಡಿದೆ. ಅಪ್ಪ ಅಡಕತ್ತರಿಯಿಂದ ತಟ್ಟೆಯ ಅಂಚಿಗೆ ತಾಳ ಹಾಕತೊಡಗಿದ, ಅದು ನನಗೋಸ್ಕರ. ಅನ್ನಪೂರ್ಣಳಿಗೆ ತಾಳ ಬೇಕಿರಲಿಲ್ಲ. ನಾನು ದಾರಿ ತಪ್ಪಿದಾಗಲೆಲ್ಲ ಅವಳು ನಿಲ್ಲಿಸದೆ, ಅದೇ ಸಾಲನ್ನು ಇನ್ನೊಮ್ಮೆ ಹಾಡಿ, ಕಣ್ಣಲ್ಲೇ ಬನ್ನಿ ಎಂದು ಕರೆದು, ನಾನು ಸೇರಿಕೊಂಡ ಮೇಲೆ ಮುಂದಕ್ಕೆ ಹೋಗುತ್ತಿದ್ದಳು. ಹನ್ನೊಂದು ವರ್ಷದಲ್ಲಿ ಅವಳು ಅಡುಗೆಮನೆಯಲ್ಲಿ ಹಾಡಿದ್ದನ್ನು ಎಷ್ಟೋ ಸಲ ಕೇಳಿದ್ದೇನೆ. ಎದುರು ಕೂತು ಕೇಳಿದ್ದು ಅದೇ ಮೊದಲು. ನನಗೆ ನಾಚಿಕೆಯಾಯಿತು. ಖುಷಿಯೂ ಆಯಿತು. ಎರಡೂ ಒಟ್ಟಿಗೆ ಆದದ್ದರಿಂದ ಮತ್ತೆ ತಾಳ ತಪ್ಪಿತು.

ಹಾಡು ಮುಗಿಯಿತು. ಚಂದ್ರು ಚಪ್ಪಾಳೆ ತಟ್ಟಿದ, ಅಕ್ಕನಿಗೆ. ಅಪ್ಪ ನಿಧಾನವಾಗಿ ಎಲೆಗೆ ಸುಣ್ಣ ಹಚ್ಚಿ, ಮಡಿಸಿ, ಬಾಯಿಗಿಟ್ಟುಕೊಂಡ. ನಾನು ಏಣಿಯನ್ನು ನೋಡಿದೆ.

"ಡಬ್ಬಿಗೆ ಏನೂ ದೋಷ ಇಲ್ಲ. ಇರ್ಲಿ ಮನ್ಯಾಗೆ" ಅಂದ ಅಪ್ಪ. ನನಗೆ ಹೋದ ಜೀವ ಬಂದಂತಾಯಿತು. ಅಪ್ಪ ಇನ್ನೂ ಮುಗಿಸಿರಲಿಲ್ಲ. "ಎಡಗಡೆ ಎತ್ತು ಬಂಗಾರದಂಥಾದ್ದು. ಬಲಗಡೇದೇ ಸಾಲು ಹಿಡೀವಲ್ದು. ಹಾಯಂಗಿಲ್ಲ, ಮಲಗಂಗಿಲ್ಲ, ಅಷ್ಟರಮಟ್ಟಿಗೆ ಚಲೋ. ಇನ್ನೊಂದೆಂಟು ದಿನ ಹೂಡಿ ನೋಡಿ ಹೇಳವ್ವಾ."

ಅನ್ನಪೂರ್ಣ ಚಾಪೆ ಸುತ್ತುತ್ತಾ, ನನ್ನ ಕಡೆ ನೋಡದೆ, "ಹನ್ನೊಂದು ವರ್ಷದಿಂದ ಅದನ್ನೇ ಮಾಡ್ತಾ ಇದೀನಿ ಮಾವ. ವಾಪಸ್ ತಗೊಳ್ಳೋರು ನೀವೇ ಆಗಿದ್ರಿಂದ ಕೇಳೋಕೆ ಸಂಕೋಚ" ಅಂದಳು. ಅಪ್ಪ ಎಲೆಯಡಿಕೆ ನೆತ್ತಿಗೆ ಹತ್ತುವಷ್ಟು ನಕ್ಕ. ಅವನು ಹಾಗೆ ನಕ್ಕದ್ದನ್ನು ನಾನು ಅಷ್ಟು ವರ್ಷದಲ್ಲಿ ನೋಡಿರಲಿಲ್ಲ.

ಏಣಿ ಹಿತ್ತಲಿಗೆ ಹೋಯಿತು. ಡಬ್ಬಿ ನಡುಮನೆಯಲ್ಲಿದೆ, ಗುಂಡಿ ಅಂದು ಇಟ್ಟಲ್ಲೇ ಇದೆ. ದಿನಾ ಸಂಜೆ ದೀಪ ಹಚ್ಚಿದ ಮೇಲೆ ಅನ್ನಪೂರ್ಣ ಹಾಡುತ್ತಾಳೆ, ನಾನು ಹಿಂದೆಮುಂದೆ ಓಡಾಡುತ್ತಾ ಜೊತೆಗಿರುತ್ತೇನೆ. ಪಾರ್ವತಮ್ಮನವರು ಈಗ ಕೊಡ ಬಿಟ್ಟು ಬರಿಗೈಯಲ್ಲಿ ಬಂದು ಕಟ್ಟೆಯ ಮೇಲೆ ಕೂರುತ್ತಾರೆ, ಹಾಡು ಕೇಳಲು. ಚಂದ್ರು ಸೊರಬದಿಂದ ಬಂದಾಗಲೆಲ್ಲ ಬಾಗಿಲಲ್ಲೇ "ಏನ್ ಭಾವ, ಎಂಟು ದಿನ ಮುಗೀತಾ?" ಎಂದು ಕೇಳುತ್ತಾನೆ. ನಾನು ಒಮ್ಮೆ ಅಡುಗೆಮನೆಯ ಕಡೆ ನೋಡುತ್ತೇನೆ. ತೀರ್ಪು ಹೇಳಬೇಕಾದವಳು ಅಲ್ಲಿ ಹಾಡು ಗುನುಗುತ್ತಾ ಒಗ್ಗರಣೆ ಹಾಕುತ್ತಿರುತ್ತಾಳೆ. "ಇನ್ನೂ ಎರಡು ದಿನ ಇದೆ ಮಾರಾಯ" ಅನ್ನುತ್ತೇನೆ. ಮುಂದಿನ ದೀಪಾವಳಿ ಹತ್ತಿರ ಬಂತು, ಆ ಎರಡು ದಿನ ಇನ್ನೂ ಹಾಗೇ ಇದೆ.